ನಿಂತು ದುಡಿಯುವವರ ಕ್ಯಾಲೊರಿ ಲೆಕ್ಕ: ಸ್ಮಾರ್ಟ್‌ವಾಚೋ, ಮೆಟ್ ಪಟ್ಟಿಯೋ?

ದರ್ಶಿನಿಯ ಕಾವಲಿಯ ಮುಂದೆ ದಿನವಿಡೀ ನಿಲ್ಲುವವರು ತಮ್ಮ ದೇಹ ಖರ್ಚು ಮಾಡುವ ಕ್ಯಾಲೊರಿಯನ್ನು ತಿಳಿಯಲು ಸ್ಮಾರ್ಟ್‌ವಾಚ್ ಕೊಳ್ಳಬೇಕೇ, ಮೆಟ್ ಪಟ್ಟಿ (ಪ್ರತಿ ಕೆಲಸದ ಖರ್ಚು ಸುಮ್ಮನೆ ಕುಳಿತಾಗಿನ ಖರ್ಚಿನ ಎಷ್ಟು ಪಟ್ಟು ಎಂದು ಹೇಳುವ ಪಟ್ಟಿ) ಹಿಡಿದು ಮಾಡುವ ಕಾಗದದ ಲೆಕ್ಕವೇ ಸಾಕೇ ಎಂದು ಕೇಳಿದರೆ, ನನ್ನ ಒಲವು ಕಾಗದದ ಕಡೆಗೇ ಇದೆ.

ವಾಚು ಮುಖ್ಯವಾಗಿ ನಾಡಿಬಡಿತ ಹಾಗೂ ಕೈಯ ಚಲನೆಯಿಂದ ಅಂದಾಜು ಮಾಡುತ್ತದೆ. ಒಲೆಯ ಕಾವಿಗೆ ನಾಡಿ ಏರಿದರೆ ಅದನ್ನೂ ಶ್ರಮವೆಂದು ಎಣಿಸಬಹುದು. ದೋಸೆ ಹಿಟ್ಟನ್ನು ಸುತ್ತು ಹರಡುವ ಮಣಿಕಟ್ಟಿನ ತಿರುವು ಹೆಜ್ಜೆಯೆಂದು ದಾಖಲಾಗಬಹುದು. ಹಿಟ್ಟಿನ ಪಾತ್ರೆ ಎತ್ತಿದಾಗಿನ ಭಾರವಂತೂ ಅದಕ್ಕೆ ನೇರವಾಗಿ ತಿಳಿಯುವುದಿಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಪ್ರಕಟಿಸಿದ 7 ಸಾಧನಗಳ ಪರೀಕ್ಷೆಯಲ್ಲಿ, ಕ್ಯಾಲೊರಿಯ ವಿಷಯದಲ್ಲಿ ಅತ್ಯುತ್ತಮವಾದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು.

ಮೆಟ್ ಲೆಕ್ಕದಲ್ಲಿ 1 ಮೆಟ್ ಎಂದರೆ ಪ್ರತಿ ಕಿಲೋ ದೇಹತೂಕಕ್ಕೆ ಗಂಟೆಗೆ ಸುಮಾರು 1 ಕಿಲೋಕ್ಯಾಲೊರಿ (ಊಟದ ಮಾತಿನಲ್ಲಿ ಕ್ಯಾಲೊರಿ ಎನ್ನುವುದು ಇದನ್ನೇ). ನಿಂತು ಮಾಡುವ ಹಗುರ ಕೆಲಸಕ್ಕೆ ಸುಮಾರು 3 ಮೆಟ್ ಹಿಡಿದರೆ, 60 ಕಿಲೋ ತೂಕದವರಿಗೆ ಗಂಟೆಗೆ 180 ಆಗುತ್ತದೆ. ಕುಳಿತ ಕೆಲಸಕ್ಕೆ, 1.5ರಂತೆ, 90. ಆದರೆ ಆ 180ರಲ್ಲಿ 60 ಸುಮ್ಮನೆ ಕುಳಿತರೂ ಖರ್ಚಾಗುತ್ತಿತ್ತು ಎಂಬುದನ್ನು ಮರೆತು ಇಡೀ ಮೊತ್ತವನ್ನು ಹೆಚ್ಚುವರಿ ಊಟಕ್ಕೆ ಲೆಕ್ಕ ಹಿಡಿಯುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮೇಜಿನಿಂದ ಮೇಜಿಗೆ ಓಡಾಡುವ ಸಪ್ಲೈಯರ್‌ಗಳಿಗೆ ಮಾತ್ರ ವಾಚು ಉಪಯುಕ್ತ, ಅದೂ ನಿನ್ನೆಗೂ ಇಂದಿಗೂ ಹೆಜ್ಜೆಗಳನ್ನು ಹೋಲಿಸಿ ನೋಡುವುದಕ್ಕೆ.