ಪಾಲುದಾರಿಕೆ, ಎಲ್‌ಎಲ್‌ಪಿ, ಪ್ರೈವೇಟ್ ಲಿಮಿಟೆಡ್: ಮೂರೂ ವೇಷ ಹಾಕಿ ನೋಡಿದೆವು

ನಾನು, ನನ್ನ ಗೆಳೆಯ ತುಮಕೂರಿನಲ್ಲಿ ಗಾಣದೆಣ್ಣೆ ವ್ಯಾಪಾರಕ್ಕಿಳಿದ ಮೇಲೆ ಮೂರು ವೇಷ ಹಾಕಿದ್ದೇವೆ. ಕೇಳುವವರೆಲ್ಲ ಶುರುವಿನ ಖರ್ಚೆಷ್ಟು ಅಂತಲೇ ಕೇಳುತ್ತಾರೆ. ರಿಜಿಸ್ಟ್ರಾರ್ ಆಮೇಲೆ ವರ್ಷಕ್ಕೆ ಎಷ್ಟು ಸಲ ಲೆಕ್ಕ ಕೇಳುತ್ತಾರೆ ಅಂತ ಯಾರೂ ಕೇಳುವುದಿಲ್ಲ.

ಮೊದಲು ಪಾಲುದಾರಿಕೆ. ಇದಕ್ಕೂ ದಿಲ್ಲಿಗೂ ಸಂಬಂಧವಿಲ್ಲ, ರಾಜ್ಯದ ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಸಾಕು. 1932ರ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ ಅಂತ ಗೊತ್ತಾಗಿ, ಛಾಪಾ ಕಾಗದದ ಮೇಲೆ ಸಹಿ ಹಾಕಿ ಸುಮ್ನೆ ಕೂತೆವು. ಒಬ್ಬ ಅಂಗಡಿಯವನು 60 ಸಾವಿರ ಬಾಕಿ ಉಳಿಸಿಕೊಂಡ. ವಕೀಲರು ಕೇಳಿದ ಮೊದಲ ಮಾತೇ "ಫರ್ಮ್ ರಿಜಿಸ್ಟರ್ ಆಗಿದೆಯಾ?" ಆಗಿಲ್ಲದಿದ್ದರೆ 69ನೇ ಸೆಕ್ಷನ್ ಅಡ್ಡ ಬರುತ್ತದೆ, ಬಾಕಿಗೆ ದಾವೆ ಹಾಕಲಾಗುವುದಿಲ್ಲ.

ಆಮೇಲೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ. ನಷ್ಟವಾದರೆ ಮನೆಯ ತನಕ ಬರುವುದಿಲ್ಲ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟದಿದ್ದರೆ ಆಡಿಟ್ ಬೇಡ. ಆದರೆ ಮೇ 30ಕ್ಕೆ ಫಾರ್ಮ್ 11 (ವಾರ್ಷಿಕ ವರದಿ), ಅಕ್ಟೋಬರ್ 30ಕ್ಕೆ ಫಾರ್ಮ್ 8 (ಲೆಕ್ಕಪತ್ರ) ಕೊಡಲೇಬೇಕು, ಒಂದು ಲೀಟರ್ ಮಾರದಿದ್ದರೂ ಸರಿ. 2019ರಲ್ಲಿ ಎರಡನೆಯದನ್ನು ಮರೆತೆವು. ಆಗ ತಡವಾದರೆ ದಿನಕ್ಕೆ 100 ರೂಪಾಯಿ. 43 ದಿನ, 4,300 ರೂಪಾಯಿ, ಲಾಭವೇ ಅಷ್ಟಿರಲಿಲ್ಲ!

ಈಗ ಪ್ರೈವೇಟ್ ಲಿಮಿಟೆಡ್. ಕಂಪನಿ ನೋಂದಣಿಯ ಸ್ಪೈಸ್ ಪ್ಲಸ್ ಫಾರ್ಮ್ ತುಂಬಿ ಕಳಿಸಿದರೆ ಹರಿಯಾಣದ ಮಾನೇಸರ್‌ನಲ್ಲಿ ಪರಿಶೀಲನೆ, ಆಮೇಲಿನ ಲೆಕ್ಕವೆಲ್ಲ ಬೆಂಗಳೂರು ಕೋರಮಂಗಲದ ಆರ್‌ಒಸಿಗೆ, ಅಂದರೆ ಕಂಪನಿಗಳ ರಿಜಿಸ್ಟ್ರಾರ್‌ಗೆ. ಮೊದಲ ಹೆಸರು ತಿರಸ್ಕಾರವಾಯಿತು, ಯಾರದೋ ಟ್ರೇಡ್‌ಮಾರ್ಕ್‌ಗೆ ಹತ್ತಿರವಿತ್ತು, ಹುಡುಕದೆ ಹಾಕಿದ ತಪ್ಪು ನಮ್ಮದೇ. ಎರಡನೇ ಸಲ ಪ್ಯಾನ್, ಟ್ಯಾನ್ ಸಮೇತ ಸರ್ಟಿಫಿಕೇಟ್ ಬಂತು. ಅದರ ಮೇಲಿನ 21 ಅಕ್ಷರಗಳ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ) ಒಳಗೇ ರಾಜ್ಯ, ಹುಟ್ಟಿದ ವರ್ಷ ಎಲ್ಲ ಅಡಗಿರುತ್ತದೆ, ಜಾತಕ ಇದ್ದ ಹಾಗೆ.

ಲಾಭ ಗೊತ್ತಾಗಿದ್ದು ಚೆನ್ನೈನ ಒಬ್ಬ ವ್ಯಾಪಾರಿ ಫೋನ್ ಮಾಡಿದಾಗ. ನಾವು ಬಾಯಿ ಬಿಡುವ ಮೊದಲೇ ಅವರಿಗೆ ನಮ್ಮಿಬ್ಬರ ಹೆಸರು, ಬಂಡವಾಳ ಎಲ್ಲ ಗೊತ್ತಿತ್ತು. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ಅಷ್ಟು ಪುಕ್ಕಟೆ, 100 ರೂಪಾಯಿ ಕಟ್ಟಿದರೆ ಬ್ಯಾಲೆನ್ಸ್ ಶೀಟೂ ಸಿಗುತ್ತದೆ. ಎಣ್ಣೆ ಕಲಬೆರಕೆಯಲ್ಲ ಅಂತ ಆರ್‌ಒಸಿ ಹೇಳುವುದಿಲ್ಲ ಬಿಡಿ, ಮಾರುವವರು ಯಾರು ಅಂತ ಮಾತ್ರ ಹೇಳುತ್ತದೆ. ಫರ್ಮ್ ಇದ್ದಾಗ ಪ್ರತಿ ಹೊಸ ಗಿರಾಕಿಗೂ ಪಾಲುದಾರಿಕೆ ಪತ್ರದ ಜೆರಾಕ್ಸ್ ಕಳಿಸುತ್ತಿದ್ದೆವು.

ಇಬ್ಬರೇ ಸೇರಿ ಸಣ್ಣದಾಗಿ ಮಾಡುವುದಾದರೆ ನನ್ನ ವೋಟು ಎಲ್‌ಎಲ್‌ಪಿಗೇ. ಕಂಪನಿಗೆ ವಹಿವಾಟು ಸೊನ್ನೆಯಾದರೂ ಆಡಿಟ್ ತಪ್ಪುವುದಿಲ್ಲ, ಜೊತೆಗೆ ಲೆಕ್ಕಪತ್ರದ ಎಒಸಿ-4, ವಾರ್ಷಿಕ ವರದಿಯ ಎಂಜಿಟಿ-7ಎ ಫಾರ್ಮುಗಳು, ಒಂದೊಂದಕ್ಕೂ ತಡವಾದರೆ ದಿನಕ್ಕೆ 100. ಅದಕ್ಕೇ ಗಾಣದ ಪಕ್ಕದ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಹಬ್ಬಗಳಿಗಿಂತ ಈ ತಾರೀಕುಗಳ ಸುತ್ತಲೇ ಕೆಂಪು ಗೆರೆ ಜಾಸ್ತಿ.