ಫೆಡರಲ್ ಇಲಾಖೆಯ ವ್ಯಾನು ಗುದ್ದಿದರೆ 12ಡಿ ಚೌಕ ಖಾಲಿ ಬಿಡಬೇಡಿ

ನ್ಯೂಯಾರ್ಕ್‌ನಲ್ಲಿ ಸಿಗ್ನಲ್‌ಗೆ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಒಂದು ವ್ಯಾನು ಬಂದು ಗುದ್ದಿತು. ಬಲಗೈ ಮಣಿಕಟ್ಟು ಮುರಿಯಿತು. ವ್ಯಾನು ಒಂದು ಫೆಡರಲ್ ಇಲಾಖೆಯದ್ದು, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ್ದು. ತಪ್ಪು ತನ್ನದೇ ಅಂತ ಡ್ರೈವರ್ ಪೊಲೀಸರ ಮುಂದೆಯೇ ಒಪ್ಪಿಕೊಂಡ. ಇನ್ನೇನು, ಪರಿಹಾರ ಬಂದೇ ಬರುತ್ತೆ ಅಂದುಕೊಂಡೆ. ಒಂದು ಡಾಲರೂ ಬರಲಿಲ್ಲ.

"ಅವಸರ ಬೇಡ ಮಾರಾಯ, ಇಲ್ಲಿ ದಾವೆ ಹೂಡೋಕೆ ಮೂರು ವರ್ಷ ಟೈಮ್ ಇದೆ" ಅಂದಿದ್ದರು ಗೆಳೆಯರೊಬ್ಬರು. ಸುಳ್ಳೇನಲ್ಲ, ಆದರೆ ಅದು ಖಾಸಗಿ ಗಾಡಿ ಗುದ್ದಿದರೆ. ಫೆಡರಲ್ ಸರ್ಕಾರದ ಗಾಡಿಗೆ 1946ರ ಫೆಡರಲ್ ಟಾರ್ಟ್ ಕ್ಲೇಮ್ಸ್ ಆಕ್ಟ್ ಅನ್ವಯ; ಸರ್ಕಾರಿ ನೌಕರರ ತಪ್ಪಿನಿಂದಾದ ನಷ್ಟಕ್ಕೆ ಪರಿಹಾರ ಕೇಳುವ ಕಾಯ್ದೆ ಇದು. ಅದರಲ್ಲಿ ಇರುವುದು ಎರಡೇ ವರ್ಷ. ಅದೂ ನೇರ ಕೋರ್ಟಿಗೆ ಹೋಗುವ ಹಾಗಿಲ್ಲ, ಮೊದಲು ಆ ಇಲಾಖೆಯನ್ನೇ ಕೇಳಬೇಕು. ಕಾಗದ ಎರಡು ವರ್ಷದೊಳಗೆ ಅವರ ಕೈ ಸೇರಿರಬೇಕು. ನೀವು ಪೋಸ್ಟ್ ಮಾಡಿದ ದಿನ ಲೆಕ್ಕಕ್ಕಿಲ್ಲ.

ಇದು ಗೊತ್ತಾಗುವಾಗ 23ನೇ ತಿಂಗಳು ನಡೆಯುತ್ತಿತ್ತು. ಇಲಾಖೆಗೆ ಪರಿಹಾರ ಕೇಳಿ ಕೊಡುವ ಎಸ್‌ಎಫ್-95 ಫಾರಂ ಪ್ರಿಂಟ್ ತೆಗೆದು ರಾತ್ರಿಯೇ ಕೂತು ತುಂಬಿದೆ. 12ಡಿ ಚೌಕದಲ್ಲಿ ಒಟ್ಟು ಮೊತ್ತ ಬರೆಯಬೇಕು. ಇನ್ನೊಂದು ಆಪರೇಷನ್ ಬೇಕಾಗಬಹುದು ಅಂದಿದ್ದರು ಡಾಕ್ಟರು. ಸುಮ್ನೆ ಏನೋ ಒಂದು ಅಂಕಿ ಬರೆಯೋದು ಸರಿಯಲ್ಲ ಅನ್ನಿಸಿ, ಚಿಕಿತ್ಸೆ ಮುಗಿದ ಮೇಲೆ ತಿಳಿಸುತ್ತೇನೆ ಅಂತ ಬರೆದೆ. ಮೊತ್ತ ಇಲ್ಲದ ಕ್ಲೇಮು ಕ್ಲೇಮೇ ಅಲ್ಲವಂತೆ! ಮೊತ್ತ ಬರೆಯದಿದ್ದರೆ ಹಕ್ಕು ಕಳೆದುಕೊಳ್ಳಬಹುದು ಅಂತ ಅದೇ ಚೌಕದಲ್ಲಿ ಅಚ್ಚಾಗಿದೆ. ಓದಿಯೂ ಇದ್ದೆ. ಇಲಾಖೆಯ ಉತ್ತರ ಬಂದಾಗ ಎರಡು ವರ್ಷ ಕಳೆದು ಒಂಬತ್ತು ದಿನವಾಗಿತ್ತು.

ಹಾಗಾಗಿ ಅಲ್ಲೊಂದು ಅಂಕಿ ಇರಲೇಬೇಕು, ಅದೂ ಸ್ವಲ್ಪ ಜಾಸ್ತಿಯೇ ಇರಲಿ. ಹೊಸ ಪುರಾವೆ ಸಿಕ್ಕ ಹೊರತು ಆಮೇಲೆ ಕೋರ್ಟಿನಲ್ಲಿ ಅದಕ್ಕಿಂತ ಹೆಚ್ಚು ಕೇಳೋಕಾಗಲ್ಲ. ಇಲಾಖೆ ಆರು ತಿಂಗಳು ಬಾಯಿ ಬಿಡದಿದ್ದರೆ, ಇಲ್ಲ ಅಂದ ಹಾಗೆ ಅಂತ ತಿಳಿದು ದಾವೆ ಹೂಡಬಹುದು. ಇಲ್ಲ ಅಂತ ಬರೆದೇ ಕಳಿಸಿದರೆ, ಆ ಕಾಗದ ಅವರು ಪೋಸ್ಟ್ ಮಾಡಿದ ದಿನದಿಂದ ನಿಮಗೆ ಆರೇ ತಿಂಗಳು. ದಾವೆ ಇಲಾಖೆಯ ಹೆಸರಲ್ಲಲ್ಲ, ಅಮೆರಿಕ ಸಂಯುಕ್ತ ಸಂಸ್ಥಾನದ ಮೇಲೆ. ಜ್ಯೂರಿ ಇರಲ್ಲ, ತೀರ್ಪು ಜಡ್ಜ್‌ದೇ.

ವಕೀಲರ ಹತ್ತಿರ ನಾನು ಮೊದಲೇ ಹೋಗಲಿಲ್ಲ. ಬಂದ ದುಡ್ಡಲ್ಲಿ ಮೂರನೇ ಒಂದು ಭಾಗ ಅವರಿಗೇ ಹೋಗುತ್ತೆ ಅನ್ನೋ ಲೆಕ್ಕಾಚಾರ. ಈ ಕಾಯ್ದೆಯಲ್ಲಿ ಅವರ ಫೀಸಿಗೂ ಮಿತಿ ಇದೆ: ಇಲಾಖೆಯ ಹಂತದಲ್ಲೇ ಮುಗಿದರೆ ಶೇ. 20, ದಾವೆ ಹೂಡಿದ ಮೇಲಾದರೆ ಶೇ. 25. ಇದನ್ನು ನನಗೆ ಹೇಳಿದ್ದು ಕೊನೆಗೆ ಹೋಗಿ ಕಂಡ ವಕೀಲರೇ. ಅರ್ಧ ಗಂಟೆ ಮಾತಾಡಿದರು, ಒಂದು ಪೈಸೆ ತಗೊಳ್ಳಲಿಲ್ಲ.