ಒಂದೇ ರಿವಾಲ್ವರಿಗೆ ಮೂರು ಒರೆ: ಸ್ಲಿಮ್ ಜಿಮ್, ಮೆಕ್ಸಿಕನ್ ಲೂಪ್, ಬಸ್ಕಡೆರೊ

ಹಳೇ ಕಾಲದ ರಿವಾಲ್ವರಿಗೆ ಕೈಯಾರೆ ಚರ್ಮದ ಒರೆ ಹೊಲಿಯಬೇಕು ಅಂದುಕೊಂಡವರು ಮೊದಲು ಕೇಳುವುದು ಯಾವ ಚರ್ಮ, ಯಾವ ದಾರ ಅಂತ. ನನ್ನ ಮಟ್ಟಿಗೆ ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಮಾದರಿ. ಚರ್ಮ ಎಷ್ಟು ದಪ್ಪ ಇರಬೇಕು, ಎಷ್ಟು ಅಗಲದ ತುಂಡು ಬೇಕು, ಬಂದೂಕಿನ ಭಾರ ಹೊಲಿಗೆಯ ಮೇಲೆ ಬೀಳುತ್ತದೋ ಚರ್ಮದ ಮೇಲೆ ಬೀಳುತ್ತದೋ, ಇದನ್ನೆಲ್ಲ ನಿರ್ಧರಿಸುವುದು ಅದೇ. ಇಲ್ಲಿ ಟೆಕ್ಸಾಸಿನ ನಮ್ಮ ಗ್ಯಾರೇಜಿನಲ್ಲಿ ಒಂದೇ ರಿವಾಲ್ವರಿಗೆ ಮೂರು ಮಾದರಿಯ ಒರೆ ಹೊಲಿದು, ಮೂರನ್ನೂ ಸೊಂಟಕ್ಕೆ ಕಟ್ಟಿ ಕೌಬಾಯ್ ಶೂಟಿಂಗ್ ಪಂದ್ಯಗಳಲ್ಲಿ ದಿನವಿಡೀ ಓಡಾಡಿದ ಮೇಲೆ ಬರೆಯುತ್ತಿದ್ದೇನೆ.

ರಿವಾಲ್ವರು ಇಟಲಿಯ ಊಬೆರ್ಟಿ ಕಂಪನಿಯ ಕ್ಯಾಟಲ್‌ಮನ್. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯ ಪ್ರತಿಕೃತಿ. ನಳಿಗೆ 5½ ಇಂಚು, ತೂಕ ಸುಮಾರು ಒಂದು ಕೆಜಿ. ಒರೆ ಹೊಲಿಯುವವರಿಗೆ ಇದರಲ್ಲಿ ತೊಡಕಿನ ಜಾಗ ಮೂರು: ನಡುವೆ ಉಬ್ಬಿದ ಸಿಲಿಂಡರು, ನಳಿಗೆಯ ತುದಿಯಲ್ಲಿ ಗುರಿ ನೋಡಲು ಎದ್ದು ನಿಂತ ಅಲಗು, ಬಲಮಗ್ಗುಲಿಗೆ ಅಂಟಿಕೊಂಡ ಎಜೆಕ್ಟರ್ ಕೊಳವೆ, ಅಂದರೆ ಖಾಲಿ ತೋಟೆಗಳನ್ನು ಹೊರತಳ್ಳುವ ಕಡ್ಡಿಯ ಕೊಳವೆ. ಮೂರು ಮಾದರಿಗಳೂ ಈ ಮೂರು ಜಾಗವನ್ನು ಬೇರೆ ಬೇರೆ ರೀತಿ ನಿಭಾಯಿಸುತ್ತವೆ.

ಚರ್ಮ ಮಾತ್ರ ಮೂರಕ್ಕೂ ಒಂದೇ ಬಗೆಯದು, ತೊಗಟೆಯ ರಸದಲ್ಲಿ ಹದ ಮಾಡಿದ ಹಸುವಿನ ಚರ್ಮ. ಸೇಂಟ್ ಲೂಯಿಸಿನಲ್ಲಿ 1881ರಲ್ಲಿ ಶುರುವಾದ ಹರ್ಮನ್ ಓಕ್ ಕಾರ್ಖಾನೆಯ ಚರ್ಮವನ್ನು ಇಲ್ಲಿನ ಜೀನುಗಾರರು ಇಂದಿಗೂ ನೆಚ್ಚಿಕೊಂಡಿದ್ದಾರೆ. ಕ್ರೋಮ್ ಹಾಕಿ ಹದ ಮಾಡಿದ ಚರ್ಮ ಅಗ್ಗ, ಮೃದು, ಬಣ್ಣವೂ ಚಂದ. ಆದರೆ ಒದ್ದೆ ಮಾಡಿ ಒತ್ತಿದರೆ ಆಕಾರ ಹಿಡಿಯುವುದಿಲ್ಲ, ಅದರಲ್ಲಿ ಉಳಿದ ಲವಣ ಉಕ್ಕಿಗೆ ತುಕ್ಕು ತರುತ್ತದೆ. ಬೆಳಗಾವಿ ಜಿಲ್ಲೆಯ ಅಥಣಿಯ ಚಪ್ಪಲಿ ಮೆಟ್ಟಿದವರಿಗೆ ತೊಗಟೆಯ ಹದ ಹೊಸದಲ್ಲ. ಅಲ್ಲಿ ಜಾಲಿ ತೊಗಟೆ, ಅಳಲೆಕಾಯಿ. ಇಲ್ಲಿ ಬೇರೆ ಮರಗಳ ತೊಗಟೆ. ನೆನೆದಾಗ ಬಾಗಿ, ಒಣಗಿದಾಗ ಬಿಗಿದು ನಿಲ್ಲುವ ಗುಣ ಎರಡರದೂ ಒಂದೇ.

ಸ್ಲಿಮ್ ಜಿಮ್‌ನಿಂದ ಶುರುಮಾಡುತ್ತೇನೆ, ಕಾಲದ ಲೆಕ್ಕದಲ್ಲಿ ಅದೇ ಹಿರಿದು. ಕ್ಯಾಲಿಫೋರ್ನಿಯಾದ ಚಿನ್ನದ ಬೇಟೆಯ ಕಾಲಕ್ಕೆ, 1850ರ ದಶಕದಲ್ಲಿ ರೂಢಿಗೆ ಬಂದದ್ದು. ಬಂದೂಕಿನ ಮೈಗೆ ಅಂಟಿದಂತಿರುವ ಸಣ್ಣ ಒರೆ, ಬಾಯಿಯಲ್ಲಿ ಹಾವು ಹರಿದಂಥ ತಿರುವು, ಬೆನ್ನಿಗೆ ಬೆಲ್ಟ್ ತೂರಿಸಲು ಹೊಲಿದ ಪುಟ್ಟ ಪಟ್ಟಿ. ಮೂರರಲ್ಲಿ ನೋಡಲು ಇದರಷ್ಟು ಚೆಲುವಾದದ್ದು ಇನ್ನೊಂದಿಲ್ಲ. ಸುಮಾರು 3 ಮಿಲಿಮೀಟರಿನ ಚರ್ಮ ಸಾಕು, ತುಂಡೂ ಚಿಕ್ಕದು. ಆದರೆ ಇದರ ಚೆಲುವೆಲ್ಲ ಇರುವುದು ಒದ್ದೆ ಚರ್ಮವನ್ನು ಬಂದೂಕಿನ ಮೇಲೆ ಒತ್ತಿ ಆಕಾರ ಕೊಡುವುದರಲ್ಲಿ, ಕೈಗೆ ಪರೀಕ್ಷೆ ಇರುವುದೂ ಅಲ್ಲೇ. ರಿವಾಲ್ವರಿನಲ್ಲಿ ಗುಂಡಿಲ್ಲ ಅಂತ ಸಿಲಿಂಡರಿನ ಒಂದೊಂದು ಕೋಣೆಯನ್ನೂ ನೋಡಿಕೊಂಡು, ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಉಗುರುಬೆಚ್ಚಗಿನ ನೀರಲ್ಲಿ ನೆನೆದ ಒರೆಯೊಳಗೆ ಇಳಿಸಬೇಕು. ಸಿಲಿಂಡರಿನ ಸುತ್ತ ಹೆಬ್ಬೆರಳಿಂದ ಚೆನ್ನಾಗಿ ಒತ್ತಬಹುದು. ಎಜೆಕ್ಟರ್ ಕೊಳವೆಯ ತುದಿಯಲ್ಲಿ ಹಾಗೆ ಒತ್ತಿದರೆ ಒಣಗಿದ ಮೇಲೆ ಚರ್ಮ ಅಲ್ಲೇ ಕಚ್ಚಿ ಹಿಡಿಯುತ್ತದೆ, ಬಂದೂಕು ಸರಾಗವಾಗಿ ಮೇಲೆ ಬರುವುದಿಲ್ಲ. ಅಲಗಿನ ಉದ್ದಕ್ಕೂ ನಳಿಗೆಯ ಮೇಲೊಂದು ತೆಳು ಮರದ ಕಡ್ಡಿ ಇಟ್ಟುಕೊಂಡರೆ ಮುಂದಿನ ಮಡಿಕೆಯಲ್ಲಿ ಅದಕ್ಕೆ ದಾರಿ ಉಳಿಯುತ್ತದೆ. ಆಮೇಲೆ ಬಿಸಿಲಿಗಾಗಲಿ ಹೀಟರಿಗಾಗಲಿ ಒಡ್ಡದೆ ನೆರಳಲ್ಲೇ ಒಣಗಿಸಬೇಕು.

ಇದರಲ್ಲಿ ನನಗೆ ಒಪ್ಪಿಗೆಯಾಗದ್ದು ಬೆನ್ನಿನ ಪಟ್ಟಿ. ಇಡೀ ಭಾರ ಆ ನಾಲ್ಕು ಬೆರಳಗಲದ ಹೊಲಿಗೆಯ ಮೇಲೆ. ಒರೆಯನ್ನು ಮಡಚುವ ಮೊದಲೇ ಅದನ್ನು ಹೊಲಿಯಬೇಕು, ಆ ಹೊಲಿಗೆ ಒಳಮೈಯಲ್ಲಿ ಬಂದೂಕಿಗೆ ಉಜ್ಜದಿರಲು ತೆಳು ಚರ್ಮದ ಅಸ್ತರು ಬೇಕು. ಅಸ್ತರು ಹಾಕಿದರೆ ದಪ್ಪ ಹೆಚ್ಚಿ, ಆಕಾರ ಕೊಡುವ ಕೆಲಸ ಮತ್ತೂ ನಾಜೂಕಾಗುತ್ತದೆ.

ಮೆಕ್ಸಿಕನ್ ಲೂಪ್ ಈ ತೊಡಕನ್ನು ಬೇರುಸಹಿತ ಕಿತ್ತುಹಾಕಿತು. 1870ರ ದಶಕದಲ್ಲಿ ಲೋಹದ ತೋಟೆಗಳು ರೂಢಿಯಾದವು, ಅವನ್ನು ಸಾಲಾಗಿ ಸಿಕ್ಕಿಸಿಕೊಳ್ಳುವ ಅಗಲ ಬೆಲ್ಟುಗಳೂ ಬಂದವು. ಸ್ಲಿಮ್ ಜಿಮ್‌ನ ಸಣ್ಣ ಪಟ್ಟಿಯಲ್ಲಿ ಅವು ತೂರುತ್ತಿರಲಿಲ್ಲ. ಹೊಸ ಮಾದರಿಯಲ್ಲಿ ಒರೆಯೂ ಬೆನ್ನುಹಾಳೆಯೂ ಒಂದೇ ತುಂಡು. ಹಾಳೆಯನ್ನು ಮೇಲಿಂದ ಹಿಂದಕ್ಕೆ ಮಡಚಿ, ಅದರಲ್ಲಿ ಅಡ್ಡಡ್ಡ ಸೀಳುಗಳನ್ನು ಮಾಡಿ, ಬಿಗಿ ಕಾಜದಲ್ಲಿ ಗುಂಡಿ ತೂರಿಸಿದ ಹಾಗೆ ಒರೆಯನ್ನು ಆ ಕುಣಿಕೆಗಳ ಒಳಗೆ ಇಳಿಸುವುದು. ಬೆಲ್ಟು ಮೇಲಿನ ಮಡಿಕೆಯಲ್ಲಿ ಹಾಯುತ್ತದೆ. ಭಾರ ಹೊರುವ ಜಾಗದಲ್ಲಿ ಒಂದು ಹೊಲಿಗೆಯೂ ಇಲ್ಲ, ಒಂದು ರಿವೆಟ್ಟೂ ಇಲ್ಲ. ಹೊಲಿಗೆ ಇರುವುದು ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರಿನ ಸುತ್ತಲಿನ ಬಳೆಯ, ಕಡೆಯ ಅಂಚಿನಲ್ಲಿ ಮಾತ್ರ. ಹೀಗೆ ಮಡಚಿದಾಗ ಚರ್ಮದ ನಯವಾದ ಮೈಯೇ ಎದುರಿಗೆ ಬರುತ್ತದೆ, ಬೆಲ್ಟಿಗೆ ತಾಗುವುದೂ ಅದೇ ಮೈ. ಇದನ್ನು ಮೊದಲು ಯೋಚಿಸಿದವರ ಜಾಣತನಕ್ಕೆ ಪ್ರತಿ ಸಲ ಮಡಚುವಾಗಲೂ ತಲೆದೂಗುತ್ತೇನೆ.

ಇದಕ್ಕೆ 3.5 ಮಿಲಿಮೀಟರಿನ ಚರ್ಮ ಬೇಕು, ತುಂಡು ಸ್ಲಿಮ್ ಜಿಮ್‌ಗೆ ಹೋಲಿಸಿದರೆ ಹೆಚ್ಚುಕಡಿಮೆ ಎರಡರಷ್ಟು ದೊಡ್ಡದು. ದುಡ್ಡೂ ಅಷ್ಟೇ ಹೆಚ್ಚು. ಕಾಗದದಲ್ಲಿ ನಕ್ಷೆ ಕತ್ತರಿಸಿ ಮಡಚಿ ನೋಡದೆ ಚರ್ಮಕ್ಕೆ ಕತ್ತಿ ಹಾಕಲೇಬಾರದು. ಸೀಳಿನ ಎರಡೂ ತುದಿಗೆ ಮೊದಲು ದುಂಡು ತೂತು ಹೊಡೆದು, ಆಮೇಲೆ ನಡುವೆ ಸೀಳಬೇಕು, ಇಲ್ಲವಾದರೆ ಕಾಲಕ್ರಮೇಣ ಅಲ್ಲಿಂದಲೇ ಹರಿಯುತ್ತದೆ. ಸೀಳನ್ನು ಬೇಕೆಂದೇ ತುಸು ಬಿಗಿ ಬಿಟ್ಟು, ಚರ್ಮ ಹಸಿಯಿದ್ದಾಗ ಒರೆಯನ್ನು ಎಳೆದು ಇಳಿಸಿದರೆ ಒಣಗಿದ ಮೇಲೆ ಅಲುಗಾಡುವ ಮಾತೇ ಇಲ್ಲ. ಆಕಾರ ಕೊಡುವ ಕೆಲಸದಲ್ಲಿ ಸ್ಲಿಮ್ ಜಿಮ್ ಕೇಳುವಷ್ಟು ನಾಜೂಕು ಇಲ್ಲಿ ಬೇಕಿಲ್ಲ, ಹಿಡಿತ ಬರುವುದು ಕುಣಿಕೆಗಳಿಂದ. ಹೊಸದಾಗಿ ಕಲಿಯುವವರಿಗೆ ಇದು ದೊಡ್ಡ ಆಸರೆ. ವಯೋಮಿಂಗಿನ ಶಯೆನ್ ಊರಿನ ಮೀನಿಯಾ ಎಂಬ ಜೀನುಗಾರನ ಅಂಗಡಿ ಇಂಥ ಒರೆಗಳಿಗೆ ಹೆಸರಾಗಿತ್ತು.

ಹೊಲಿಗೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಜೇನುಮೇಣ ಹಚ್ಚಿದ ಒಂದೇ ದಾರದ ಎರಡು ತುದಿಗೂ ಸೂಜಿ, ಆರಿಯಿಂದ ಚುಚ್ಚಿದ ಒಂದೇ ತೂತಿನಲ್ಲಿ ಎರಡೂ ಎದುರುಬದುರಾಗಿ ದಾಟಬೇಕು. ಇಂಚಿಗೆ ಏಳು ಹೊಲಿಗೆ. ಒಂದು ಕಡೆ ದಾರ ಸವೆದು ಹರಿದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ, ಯಂತ್ರದ ಹೊಲಿಗೆಯಲ್ಲಿ ಈ ಭರವಸೆ ಇಲ್ಲ. ಎರಡು ಅಂಚುಗಳ ನಡುವೆ ಒಂದು ಚರ್ಮದ ಪಟ್ಟಿ ಇಟ್ಟು ಹೊಲಿಯುವುದು ಮೂರೂ ಮಾದರಿಗೆ ಒಳ್ಳೆಯದು. ಬಂದೂಕು ದಾರಕ್ಕೆ ತಾಗುವುದಿಲ್ಲ, ಟ್ರಿಗರ್ ಗಾರ್ಡಿಗೂ ಜಾಗ ಸಿಗುತ್ತದೆ.

ಸಿನಿಮಾದಲ್ಲಿ ನೋಡಿದ್ದನ್ನೇ ಬಯಸುವವರಿಗೆ ಬಸ್ಕಡೆರೊ. ಬೆಲ್ಟಿನ ಕೆಳ ಅಂಚು ಅಗಲವಾಗಿ ಇಳಿದು, ಅದರ ಸೀಳಿನಲ್ಲಿ ಒರೆ ತೂಗುತ್ತದೆ, ತುದಿಯನ್ನು ತೊಡೆಗೆ ಬಾರಿನಿಂದ ಕಟ್ಟುತ್ತಾರೆ. 1880ರ ದನಗಾಹಿಗಳು ಇದನ್ನು ಕಂಡವರಲ್ಲ. ಇಪ್ಪತ್ತನೇ ಶತಮಾನದ್ದು ಇದು, ಮನೆಮಾತಾದದ್ದು 1950ರ ದಶಕದ ಹಾಲಿವುಡ್ಡಿನಿಂದ. ಕೌಬಾಯ್ ಶೂಟಿಂಗ್ ನಡೆಸುವ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿಯ ಪಂದ್ಯಗಳಲ್ಲಿ ಇದನ್ನು ಕಟ್ಟಿದವರು ಬಹಳ ಸಿಗುತ್ತಾರೆ. ವೇಗಕ್ಕೆ ಇದು ನಿಜಕ್ಕೂ ಉತ್ತಮ: ಹಿಡಿ ಕೈಗೆ ತಾನಾಗಿ ಸಿಗುತ್ತದೆ, ಎರಡು ಪದರದ ನಡುವೆ ಲೋಹದ ಹಾಳೆ ಇಟ್ಟರೆ ಒರೆಯೊಳಗೇ ಸಿಲಿಂಡರು ತಿರುಗುತ್ತದೆ. ಬಂದೂಕನ್ನು ಬೇಗ ಸೆಳೆದು ಮೇಣದ ಗುಂಡು ಹಾರಿಸುವ ಫಾಸ್ಟ್ ಡ್ರಾ ಪಂದ್ಯಕ್ಕೆ ಇದನ್ನೇ ಹೊಲಿಯಿರಿ. ಆದರೆ ನಡೆದಾಡಿದ ದಿನ ನನಗೆ ದಣಿವು ತಂದದ್ದು ಇದೊಂದೇ. ಕೆಳಗೆ ತೂಗುವ ಭಾರ ಬೆಲ್ಟನ್ನು ಒಂದೇ ಕಡೆಗೆ ಎಳೆಯುತ್ತದೆ, ಕುರ್ಚಿಯಲ್ಲಿ ಕೂತರೆ ಹಿಡಿ ಪಕ್ಕೆಗೆ ಒತ್ತುತ್ತದೆ. ಬೆಲ್ಟು ಒರೆ ಎರಡನ್ನೂ ಒಟ್ಟಿಗೇ ಯೋಜಿಸಿ ಹೊಲಿಯಬೇಕಾದ್ದರಿಂದ ಕೆಲಸವೂ ಚರ್ಮವೂ ಎಲ್ಲಕ್ಕಿಂತ ಹೆಚ್ಚು. ಸೀಳಿನ ಜಾಗವೇ ಬೆಲ್ಟಿನ ದುರ್ಬಲ ಭಾಗ.

ಯಾವುದನ್ನೇ ಹೊಲಿದರೂ ಮನೆಗೆ ಬಂದ ಮೇಲೆ ರಿವಾಲ್ವರನ್ನು ಒರೆಯಲ್ಲೇ ಬಿಟ್ಟು ಮಲಗಬೇಡಿ. ತೊಗಟೆಯ ಚರ್ಮ ತೇವ ಹಿಡಿಯುತ್ತದೆ, ಉಕ್ಕಿಗೆ ತುಕ್ಕು ಬರುತ್ತದೆ, ಬೆಲ್ಟಿನಲ್ಲಿ ಬಿಟ್ಟ ಹಿತ್ತಾಳೆಯ ತೋಟೆಗಳಿಗೆ ಹಸಿರು ಕಿಲುಬು ಕಟ್ಟುತ್ತದೆ.

5½ ಇಂಚಿನ ಈ ಕೋಲ್ಟ್ ಪ್ರತಿಕೃತಿಗೆ ನನ್ನ ಆಯ್ಕೆ ಎರಡು ಕುಣಿಕೆಯ ಮೆಕ್ಸಿಕನ್ ಲೂಪ್. ಹ್ಯಾಮರಿಗೆ, ಅಂದರೆ ತೋಟೆಗೆ ಬಡಿಯುವ ಸುತ್ತಿಗೆಗೆ, ಸಿಕ್ಕಿಸಲು ಒಂದು ಬಾರು ಸೇರಿಸಿ ಪಂದ್ಯಕ್ಕೆ ಅದನ್ನೇ ಕಟ್ಟುತ್ತಿದ್ದೇನೆ. ಹ್ಯಾಮರು ಖಾಲಿ ಕೋಣೆಯ ಮೇಲೆ ಕೂರುವಂತೆ ಆರರಲ್ಲಿ ಐದೇ ಗುಂಡು ತುಂಬುವುದು ಪಂದ್ಯದ ನಿಯಮ, ಬಾರು ಅದರ ಜೊತೆಗೆ ಇನ್ನೊಂದು ಜಾಗ್ರತೆ. 1851ರ ಕೋಲ್ಟ್ ನೇವಿಯ ಪ್ರತಿಕೃತಿ ಮಾತ್ರ ಬೇರೆ. ಅದರ 7½ ಇಂಚಿನ ನಳಿಗೆಗೆ ಎಜೆಕ್ಟರ್ ಕೊಳವೆಯ ತೊಡಕಿಲ್ಲ, ತೋಟೆಯ ಅಗಲ ಬೆಲ್ಟೂ ಅದಕ್ಕೆ ಬೇಕಿಲ್ಲ. ಅದಕ್ಕೆ ಸ್ಲಿಮ್ ಜಿಮ್ ಬಿಟ್ಟು ಬೇರೆ ಯಾವುದನ್ನೂ ನಾನು ಹೊಲಿಯಲಾರೆ.